ಬೆಂಕಿಕಡ್ಡಿ ಸ್ಲೀಪರ್, 12 ಮಿ.ಮೀ. ಮೀಟರ್ ಗೇಜ್: ಹಳಿ ಕೈಯಲ್ಲೇ ಕಟ್ಟಿದ ಕಥೆ

ಕೊನೆಸ್ಟೇಷನ್, ಸಾಗರ

ಎಲ್ಲರಿಗೂ ನಮಸ್ಕಾರ. ನಮ್ಮನೆ ಅಟ್ಟದಲ್ಲಿ 8 ಅಡಿ ಉದ್ದ, ಒಂದೂವರೆ ಅಡಿ ಅಗಲದ ಹಲಗೆ ಹಾಕಿಕೊಂಡು ಮೀಟರ್ ಗೇಜ್ (ಎರಡು ಹಳಿಗಳ ನಡುವೆ ಒಂದು ಮೀಟರ್) ಕಾಲದ ಒಂದು ಕೊನೆ ಸ್ಟೇಷನ್ನಿನ ಮಾಡೆಲ್ ಕಟ್ಟುತ್ತಿದ್ದೇನೆ. ತಾಳಗುಪ್ಪವೇ ಅಂತ ಹೇಳಲಾರೆ, ಅದರ ತಮ್ಮ ಅಂದುಕೊಳ್ಳಿ. ಶಿವಮೊಗ್ಗ-ತಾಳಗುಪ್ಪ ಲೈನಿನಲ್ಲಿ ರೈಲ್ ಬಸ್ ಓಡುತ್ತಿತ್ತಲ್ಲ, ನೋಡಿದರೆ ಬಸ್ಸು, ಓಡೋದು ಹಳಿ ಮೇಲೆ. ನನ್ನ ಸ್ಟೇಷನ್ನಿಗೂ ಬರಬೇಕಾದದ್ದು ಅದೇ.

ಸ್ಕೇಲ್ ಎಚ್‌ಒ, ಅಂದರೆ 1:87. ಒಂದು ಮೀಟರನ್ನು 87ರಿಂದ ಭಾಗಿಸಿದರೆ 11.5 ಮಿ.ಮೀ. ಇದಕ್ಕೆ 12 ಮಿ.ಮೀ. ಹಳಿ ಬಳಸೋದು ರೂಢಿ. ಪೆಕೊ ಮತ್ತು ಟಿಲ್ಲಿಗ್ ಕಂಪನಿಗಳದ್ದು ರೆಡಿಮೇಡ್ ಸಿಗುತ್ತದೆ. ಒಂದು ತುಂಡು ತರಿಸಿ ನೋಡಿದೆ. ಕೆಲಸ ನೀಟಾಗಿದೆ, ಆದರೆ ಅದು ಯುರೋಪಿನ ಬೆಟ್ಟದ ರೈಲಿನ ಹಳಿ. ಹಲಗೆ ಮೇಲಿಟ್ಟು, ಪಕ್ಕದಲ್ಲಿ ನಮ್ಮ ರೈಲ್ ಬಸ್ಸಿನ ಕಾರ್ಡ್‌ಬೋರ್ಡ್ ಬಾಡಿ ನಿಲ್ಲಿಸಿದೆ. ಪಂಚೆ ಉಟ್ಟು ಬೂಟು ಹಾಕಿದ ಹಾಗೆ ಕಾಣಿಸಿತು.

ಹಾಗಾಗಿ ಲೆಕ್ಕ ಹಾಕಲು ಕೂತೆ. ಮೀಟರ್ ಗೇಜಿನ ಮರದ ಸ್ಲೀಪರ್, ಅಂದರೆ ಹಳಿಗಳ ಅಡಿಗೆ ಅಡ್ಡ ಹಾಕುವ ದಿಮ್ಮಿ, 1800 ಮಿ.ಮೀ. ಉದ್ದ, 200 ಅಗಲ, 115 ದಪ್ಪ. 87ರಿಂದ ಭಾಗಿಸಿದರೆ 20.7, 2.3, 1.3. ಈ ಅಳತೆ ಎಲ್ಲೋ ನೋಡಿದ್ದೇನಲ್ಲ ಅಂತ ಯೋಚಿಸುತ್ತಾ ದೇವರ ಮನೆಗೆ ಹೋದೆ. ಬೆಂಕಿಪೊಟ್ಟಣ ಕಣ್ಣಿಗೆ ಬಿತ್ತು. ಮದ್ದಿನ ತುದಿ ತೆಗೆದು ಕಡ್ಡಿಯನ್ನು ಸರಿಯಾಗಿ ಎರಡು ಮಾಡಿದರೆ ಎರಡು ಸ್ಲೀಪರ್! ಅಗಲ 2 ಮಿ.ಮೀ., ಕೂದಲೆಳೆ ಕಮ್ಮಿ. ಅದು ನನಗೆ ಒಪ್ಪಿಗೆ.

ಹಳಿಗೆ ಕೋಡ್ 55 ನಿಕಲ್ ಸಿಲ್ವರ್ ತಂದೆ. ಹೆಸರಲ್ಲಿ ಸಿಲ್ವರ್ ಇದೆ ಅಷ್ಟೇ, ಅದರಲ್ಲಿ ಇರೋದು ತಾಮ್ರ, ನಿಕಲ್, ಸತು. ಕೋಡ್ 55 ಅಂದರೆ ಹಳಿಯ ಎತ್ತರ ಇಂಚಿನ 55/1000 ಭಾಗ, 1.4 ಮಿ.ಮೀ. ಮೀಟರ್ ಗೇಜಿನ 60 ಆರ್ ಹಳಿ (ಗಜಕ್ಕೆ 60 ಪೌಂಡ್ ತೂಗುವಂಥದ್ದು) 114 ಮಿ.ಮೀ. ಎತ್ತರ, 75 ಆರ್ ಹಳಿ 128. ನಮ್ಮ ಕೋಡ್ 55ನ್ನು 87ರಿಂದ ಗುಣಿಸಿದರೆ 121. ಎರಡರ ಮಧ್ಯೆ ಕೂರುತ್ತದೆ. ಹಳೇ ಟ್ರೈನ್‌ಸೆಟ್ಟುಗಳ ಕೋಡ್ 100 ಹಳಿ ಗುಣಿಸಿ ನೋಡಿ, 221 ಮಿ.ಮೀ.! ಇವತ್ತಿನ ಬ್ರಾಡ್‌ಗೇಜ್ ಮೇನ್‌ಲೈನಿನ, ಮೀಟರಿಗೆ 60 ಕೆ.ಜಿ. ತೂಗುವ ಹಳಿಯೇ 172 ಮಿ.ಮೀ. ಇರೋದು.

ಕಟ್ಟುವ ಕ್ರಮ ಹೀಗೆ. ನಾಲ್ಕು ಸ್ಲೀಪರಿಗೆ ಒಂದು ಪಿಸಿಬಿ ಪಟ್ಟಿ, ಅಂದರೆ ತಾಮ್ರ ಅಂಟಿಸಿದ ಎಲೆಕ್ಟ್ರಾನಿಕ್ಸ್ ಬೋರ್ಡನ್ನು ಸ್ಲೀಪರ್ ಅಗಲಕ್ಕೆ ಸೀಳಿದ್ದು. ಉಳಿದ ಮೂರು ಬೆಂಕಿಕಡ್ಡಿ. ಹಳಿಗೆ ಬೆಸುಗೆ ಬೀಳೋದು ಪಿಸಿಬಿ ಮೇಲೆ ಮಾತ್ರ. ಕಡ್ಡಿಗಳು ಸುಮ್ನೆ ಕೆಳಗೆ ಕೂತಿರುತ್ತವೆ. ಪಿಸಿಬಿ ದಪ್ಪ 1.6, ಕಡ್ಡಿ 2. ಆ 0.4 ತುಂಬಲು ಪಿಸಿಬಿ ಅಡಿಗೆ ಮದುವೆ ಕರೆಯೋಲೆಯ ತುಂಡು ಅಂಟಿಸಿದೆ. ನಮ್ಮ ಮನೆಯಲ್ಲಿ ಕರೆಯೋಲೆಗೆ ಬರವಿಲ್ಲ.

ಎಡವಿದ ಜಾಗಗಳನ್ನೂ ಹೇಳುತ್ತೇನೆ. ಮೊದಲು ತಂದದ್ದು ಕಂದು ಬಣ್ಣದ ಅಗ್ಗದ ಬೋರ್ಡ್. ಕಾದ ಸೋಲ್ಡರಿಂಗ್ ಐರನ್ ಎರಡು ಸೆಕೆಂಡ್ ಜಾಸ್ತಿ ಇಟ್ಟರೆ ತಾಮ್ರ ಸಿಪ್ಪೆ ಹಾಗೆ ಏಳುತ್ತಿತ್ತು. ಆಮೇಲೆ ಹಸಿರು ಛಾಯೆಯ ಗ್ಲಾಸ್ ಎಪಾಕ್ಸಿ ಬೋರ್ಡಿಗೆ ಬದಲಾಯಿಸಿದೆ. ಅದನ್ನು ಕೊಯ್ಯುವಾಗ ಮೂಗಿಗೆ ಮಾಸ್ಕ್ ಕಟ್ಟಿಕೊಳ್ಳಿ, ಗಾಜಿನ ಪುಡಿ ಅದು. ಎರಡನೇ ಎಡವಟ್ಟು: ಪ್ರತಿ ಪಿಸಿಬಿ ಸ್ಲೀಪರಿನ ಮಧ್ಯೆ ತಾಮ್ರವನ್ನು ಅರದಿಂದ ಕೆರೆದು ಕತ್ತರಿಸಬೇಕು, ಇಲ್ಲದಿದ್ದರೆ ಎರಡೂ ಹಳಿ ಶಾರ್ಟ್. 80 ಪಿಸಿಬಿಯಲ್ಲಿ ಒಂದನ್ನು ಮರೆತಿದ್ದೆ. ಯಾವುದು ಅಂತ ಹುಡುಕಲು ಒಂದು ಭಾನುವಾರ ಹೋಯಿತು. ಈಗ ಪ್ರತಿ ಸ್ಲೀಪರಿಗೂ ಮಲ್ಟಿಮೀಟರ್ ಇಟ್ಟು, ಬೀಪ್ ಬರಲಿಲ್ಲ ಅಂತ ಖಾತ್ರಿ ಮಾಡಿಕೊಂಡೇ ಮುಂದೆ ಹೋಗೋದು.

ಫೋಟೋ ಹಾಕಿದ್ದೇನೆ. ತಪ್ಪಿದ್ದರೆ ಮುಲಾಜಿಲ್ಲದೆ ಹೇಳಿ.

ಎನ್‌ಗೇಜ್ ನಾಗ, ಬೆಂಗಳೂರು

ಕೆಲಸ ಸೂಪರ್ ಗುರು. ಆದ್ರೂ ಒಂದು ಪ್ರಶ್ನೆ. ಎರಡು ಅಡಿ ದೂರದಿಂದ ನೋಡುವವನಿಗೆ ಸ್ಲೀಪರ್ 20.7 ಇದೆಯೋ 22 ಇದೆಯೋ ಗೊತ್ತಾಗುತ್ತಾ? ರೆಡಿಮೇಡ್ ಹಳಿಗೆ ಬಣ್ಣ ಬಳಿದು ಜಲ್ಲಿ ಸುರಿದರೆ ಅಷ್ಟೇ ಚೆನ್ನಾಗಿ ಕಾಣುತ್ತೆ. ನನ್ನ ಲೇಔಟ್ ಎರಡು ತಿಂಗಳಲ್ಲಿ ಓಡಲು ಶುರುವಾಯಿತು. ನಿಮ್ಮದು ಯಾವಾಗ?

ಕೊನೆಸ್ಟೇಷನ್, ಸಾಗರ

ನಾಗಣ್ಣ, ಯಾವಾಗ ಅಂತ ನಮ್ಮನೆಯಲ್ಲೂ ಕೇಳುತ್ತಿದ್ದಾರೆ. ಉದ್ದ ಗೊತ್ತಾಗಲ್ಲ, ಒಪ್ಪಿದೆ. ಆದರೆ ಸ್ಲೀಪರುಗಳ ನಡುವಿನ ಅಂತರ ಗೊತ್ತಾಗುತ್ತೆ. ಏನೋ ಸರಿಯಿಲ್ಲ ಅಂತ ಕಣ್ಣು ಹೇಳುತ್ತದೆ, ಏನು ಅಂತ ಹೇಳಲ್ಲ.

ನಿವೃತ್ತ ಪಿಡಬ್ಲ್ಯುಐ, ಅರಸೀಕೆರೆ

ಪಿಡಬ್ಲ್ಯುಐ ಅಂದರೆ ಹಳಿ ನೋಡಿಕೊಳ್ಳುವ ಇನ್‌ಸ್ಪೆಕ್ಟರ್. ಆ ಕಣ್ಣಲ್ಲೇ ಫೋಟೋ ದೊಡ್ಡದು ಮಾಡಿ ನೋಡಿದೆ. ಬೆಸುಗೆ ಕೆಲಸ ಚೊಕ್ಕವಾಗಿದೆ. ಆದರೆ ತಮ್ಮಾ, ನೀವು ಸ್ಲೀಪರುಗಳನ್ನು ಸಾಲಾಗಿ ಒಂದೇ ಅಂತರದಲ್ಲಿ ಇಟ್ಟುಬಿಟ್ಟಿದ್ದೀರಿ. ಹಳಿ ಅಂದರೆ ಏಣಿ ಅಲ್ಲ.

ಮೀಟರ್ ಗೇಜ್ ಹಳಿಯ ಒಂದು ತುಂಡು 12 ಮೀಟರ್. ಬ್ರಾಡ್‌ಗೇಜಿಗೆ 13. ಸ್ಲೀಪರ್ ಎಷ್ಟು ಅನ್ನೋದನ್ನು ನಾವು 'ಎಂ ಪ್ಲಸ್ ಇಷ್ಟು' ಅಂತ ಹೇಳುತ್ತಿದ್ದೆವು. ಎಂ ಅಂದರೆ ಹಳಿ ತುಂಡಿನ ಉದ್ದ, ಮೀಟರಿನಲ್ಲಿ. ಎಂ ಪ್ಲಸ್ 7 ಅಂದರೆ 12 ಮೀಟರಿಗೆ 19 ಸ್ಲೀಪರ್. ಎಂ ಪ್ಲಸ್ 4 ಅಂದರೆ 16. ನಿಮ್ಮ ಮೇನ್‌ಲೈನಿಗೂ ಸೈಡಿಂಗಿಗೂ ಈ ವ್ಯತ್ಯಾಸ ತೋರಿಸಿದರೆ ನೋಡಿದವರಿಗೆ ಯಾವುದು ಯಾವ ಲೈನು ಅಂತ ಹೇಳದೆಯೇ ತಿಳಿಯುತ್ತದೆ.

ಇನ್ನೊಂದು. ಫಿಶ್‌ಪ್ಲೇಟ್ (ಎರಡು ಹಳಿ ತುದಿ ಜೋಡಿಸುವ ಕಬ್ಬಿಣದ ಪಟ್ಟಿ) ಹಾಕಿದ ಜಾಯಿಂಟ್ ಹಳಿಯ ದುರ್ಬಲ ಜಾಗ. ಚಕ್ರದ ಪೆಟ್ಟು ಬೀಳೋದು ಅಲ್ಲೇ. ಅದಕ್ಕೇ ಜಾಯಿಂಟಿನ ಎರಡೂ ಕಡೆಯ ಸ್ಲೀಪರುಗಳನ್ನು ಹತ್ತಿರ ಇಡುತ್ತೇವೆ. 12 ಮೀಟರನ್ನು 87ರಿಂದ ಭಾಗಿಸಿ, 138 ಮಿ.ಮೀ. ಬರುತ್ತದೆ. ಪ್ರತಿ 138ಕ್ಕೆ ಹಳಿಯ ತಲೆ ಮೇಲೆ ಅರದಿಂದ ಸಣ್ಣ ಗೀರು ಹಾಕಿ, ಅದರ ಎರಡೂ ಪಕ್ಕದ ಸ್ಲೀಪರುಗಳನ್ನು ಒಂದಕ್ಕೊಂದು ಸರಿಸಿ. ಆಮೇಲೆ ನೋಡಿ.

ಮರದ ಸ್ಲೀಪರೇ ಉದ್ದಕ್ಕೂ ಯಾಕೆ ಹಾಕಿದ್ದೀರಿ? ಆ ಕಾಲದ ಲೈನುಗಳಲ್ಲಿ ಸಿಎಸ್‌ಟಿ-9 ಅನ್ನುವ ಎರಕದ ಕಬ್ಬಿಣದ ಸ್ಲೀಪರ್ ಬೇಕಾದಷ್ಟು ಇತ್ತು. ಎರಡು ಪ್ಲೇಟು, ಮಧ್ಯೆ ಜೋಡಿಸುವ ಒಂದು ಟೈ ಬಾರ್. ಪ್ಲೇಟು ಅರ್ಧಕ್ಕರ್ಧ ಜಲ್ಲಿಯಲ್ಲಿ ಮುಚ್ಚಿರುತ್ತದೆ. ಪಾಯಿಂಟ್ಸಿಗೆ (ಗಾಡಿ ಒಂದು ಲೈನಿನಿಂದ ಇನ್ನೊಂದಕ್ಕೆ ತಿರುಗುವ ಜಾಗ), ಸೇತುವೆಗೆ ಮರವೇ. ಒಂದು ಕಡೆ ಮರ, ಒಂದು ಕಡೆ ಕಬ್ಬಿಣ ಬೆರೆತಿದ್ದರೆ ಅದು ನಮ್ಮ ಹಳಿ.

ಗೇಜ್ ವಿಷಯ: ನಿಮ್ಮ 12 ಮಿ.ಮೀ. ಅಂದರೆ ನಿಜದಲ್ಲಿ 1044. 44 ಮಿ.ಮೀ. ಸ್ಲ್ಯಾಕ್, ಅಂದರೆ ಅಷ್ಟು ಅಗಲ ಜಾಸ್ತಿ! ನನ್ನ ಸೆಕ್ಷನ್ನಿನಲ್ಲಿ ಇಂಥದ್ದು ಕಂಡಿದ್ದರೆ ಗಾಡಿ ನಿಲ್ಲಿಸಿಬಿಡುತ್ತಿದ್ದೆ. ಹೋಗಲಿ, ನಿಮಗೆ ಮಾಫಿ.

ಕೊನೆಸ್ಟೇಷನ್, ಸಾಗರ

ಸರ್, ನಿಮ್ಮ ಮಾತು ಓದಿ ಮೂರು ಅಡಿ ಹಳಿ ಕಿತ್ತೆ. ಬೇಜಾರಿಲ್ಲ. ಹೊಸದಾಗಿ ಹಾಕುವಾಗ ಒಂದು ಕಾಗದದ ಪಟ್ಟಿಯ ಮೇಲೆ 138 ಮಿ.ಮೀ. ಪ್ಯಾನೆಲ್ (ಒಂದು ಹಳಿ ತುಂಡಿನಷ್ಟು ಉದ್ದ) ಬರೆದು, 19 ಗೆರೆ ಎಳೆದು, ಜೆರಾಕ್ಸ್ ಮಾಡಿಸಿ ಅದರ ಮೇಲೇ ಕಡ್ಡಿ ಅಂಟಿಸಿದೆ. ಇಲ್ಲೂ ಒಂದು ಪೆಟ್ಟು ತಿಂದೆ. ಪ್ರಿಂಟರ್ ತಾನಾಗೇ ಪುಟಕ್ಕೆ ಹೊಂದಿಸಿಕೊಂಡು ಸ್ವಲ್ಪ ಕುಗ್ಗಿಸಿತ್ತು. 138 ಇರಬೇಕಾದದ್ದು 134 ಆಗಿತ್ತು. ಪ್ರಿಂಟ್ ಕೈಗೆ ಬಂದ ತಕ್ಷಣ ಸ್ಕೇಲ್ ಇಟ್ಟು ಅಳೆಯಿರಿ, ಅಂಗಡಿ ಬಿಡುವ ಮುಂಚೆ.

ಬಣ್ಣದ ಬಗ್ಗೆ ಇಬ್ಬರು ಮೆಸೇಜಿನಲ್ಲಿ ಕೇಳಿದ್ದರು. ಬೆಂಕಿಕಡ್ಡಿಗೆ ಮದ್ದಿನ ಕಡೆ ಮೇಣ ಹತ್ತಿಸಿರುತ್ತಾರೆ, ಆ ಭಾಗ ಬಣ್ಣ ಹೀರಲ್ಲ. ಬಿಸಿನೀರಿನಲ್ಲಿ ಹಾಕಿ ಕುದಿಸಿ, ಮೇಲೆ ತೇಲುವ ಮೇಣ ತೆಗೆದು ಒಣಗಿಸಿ. ಆಮೇಲೆ ಗಟ್ಟಿ ಚಹಾ ಡಿಕಾಕ್ಷನ್ನಿನಲ್ಲಿ ಒಂದು ರಾತ್ರಿ. ಮರುದಿನ, ವಿನಿಗರ್‌ನಲ್ಲಿ ಪಾತ್ರೆ ಉಜ್ಜುವ ಕಬ್ಬಿಣದ ನಾರು ಒಂದು ವಾರ ನೆನೆಸಿಟ್ಟ ನೀರನ್ನು ಬ್ರಷ್‌ನಲ್ಲಿ ಹಚ್ಚಿ. ಸ್ಟೀಲ್ ನಾರು ಆಗಲ್ಲ, ತುಕ್ಕು ಹಿಡಿಯುವಂಥದ್ದೇ ಬೇಕು. ಕಣ್ಣೆದುರೇ ಕಡ್ಡಿ ಬೂದುಗಪ್ಪಾಗುತ್ತದೆ, ಮೂವತ್ತು ವರ್ಷ ಮಳೆ ಬಿಸಿಲು ತಿಂದ ಮರದ ಹಾಗೆ. ಹಿಂದೆ ಅಳಲೆಕಾಯಿ ಕಷಾಯಕ್ಕೆ ಕಬ್ಬಿಣ ಸೇರಿಸಿ ಮಸಿ ಮಾಡುತ್ತಿದ್ದರಲ್ಲ, ಅದೇ ವಿದ್ಯೆ. ಚಹಾದ ಒಗರಿಗೆ ಕಬ್ಬಿಣ ಸೇರಿದರೆ ಕಪ್ಪು.

ಭಟ್ಟ, ಬರ್ಮಿಂಗ್‌ಹ್ಯಾಮ್

ಊರು ಶಿರಸಿ, ಹೊಟ್ಟೆಪಾಡು ಇಲ್ಲಿ. ಈ ದೇಶದಲ್ಲಿ ಕೈಯಲ್ಲೇ ಹಳಿ ಕಟ್ಟುವವರಿಗೆ ಬರವಿಲ್ಲ, ಅದಕ್ಕೆ ಕಾರಣವೂ ತಮಾಷೆಯಾಗಿದೆ. ಬ್ರಿಟನ್ನಿನ ಒಒ ಸ್ಕೇಲ್ 1:76, ಆದರೆ ಓಡೋದು ಎಚ್‌ಒದ 16.5 ಮಿ.ಮೀ. ಹಳಿ ಮೇಲೆ. ಅಂದರೆ ಗಾಡಿ ದೊಡ್ಡದು, ಹಳಿ ಕಿರಿದು. ಅದು ಸಹಿಸದವರು 18.2 ಮಿ.ಮೀ.ನ ಇಎಂ, 18.83ರ ಪಿ4 ಅಂತ ಬೇರೆ ಗೇಜ್ ಮಾಡಿಕೊಂಡು, ತಾವೇ ಹಳಿ ಕಟ್ಟಿಕೊಂಡರು. ಅವರಿಗೆ ದೊಡ್ಡ ಸಂಘಗಳೇ ಇವೆ.

ನಮ್ಮ ಬ್ರಾಡ್‌ಗೇಜ್ ಮಾಡುವವರಿಗೂ ಇದೇ ಗ್ರಹಚಾರ. 1676 ಮಿ.ಮೀ.ಗೆ ಎಚ್‌ಒನಲ್ಲಿ 19.25 ಬೇಕು. ಎಲ್ಲರೂ ಓಡಿಸುವುದು 16.5ರ ಮೇಲೆ. ಹೆಚ್ಚುಕಮ್ಮಿ ಏಳರಲ್ಲಿ ಒಂದು ಭಾಗ ಖೋತಾ. ಮುಂದಿನಿಂದ ನೋಡಿದರೆ ಇಂಜಿನ್ ಕಾಲು ಜೋಡಿಸಿ ನಿಂತ ಹಾಗಿರುತ್ತದೆ. ಕೊನೆಸ್ಟೇಷನ್ ಅವರು ಮೀಟರ್ ಗೇಜ್ ಆರಿಸಿ ಬಚಾವಾದರು.

ಪಾಯಿಂಟ್ಸ್ ಶುರು ಮಾಡಿದ್ದೀರಾ? ಟೆಂಪ್ಲಾಟ್ ಅಂತ ಒಂದು ಸಾಫ್ಟ್‌ವೇರ್ ಇದೆ, ಪುಕ್ಕಟೆ. ನಿಮ್ಮ ಗೇಜ್, ನಿಮ್ಮ ಸ್ಲೀಪರ್ ಅಳತೆ ಕೊಟ್ಟರೆ ಪಾಯಿಂಟ್ಸಿನ ನಕ್ಷೆ ಬರೆದುಕೊಡುತ್ತದೆ. ಎಷ್ಟರ ಕ್ರಾಸಿಂಗ್ (ಒಂದು ಹಳಿ ಇನ್ನೊಂದನ್ನು ದಾಟುವ 'ವಿ' ಆಕಾರದ ಜಾಗ) ಹಾಕುತ್ತೀರಿ?

ಕೊನೆಸ್ಟೇಷನ್, ಸಾಗರ

ಭಟ್ರೇ, 1:8½. ಜಾಗ ಇದ್ದಿದ್ದರೆ 1:12 ಹಾಕುತ್ತಿದ್ದೆ. 8 ಅಡಿಯಲ್ಲಿ ಅದು ದುರಾಸೆ. ಆದರೆ ಕ್ರಾಸಿಂಗಿನ 'ವಿ' ಕೈಗೆ ಬರುತ್ತಿಲ್ಲ. ಎರಡು ಹಳಿ ಉಜ್ಜಿ ಜೋಡಿಸಿದರೆ ಒಂದು ಸಲ ಮೊಂಡು, ಒಂದು ಸಲ ವಾಲು. ನಾಲ್ಕು ಹಾಳಾಗಿವೆ.

ಭಟ್ಟ, ಬರ್ಮಿಂಗ್‌ಹ್ಯಾಮ್

ನಾಲ್ಕೇ? ನನ್ನದು ಹನ್ನೊಂದು.

ಕೋನಮಾಪಕ ಬಿಡಿ. ಒಂದು ಪ್ಲೈವುಡ್ ತುಂಡಿನ ಮೇಲೆ 85 ಮಿ.ಮೀ. ಉದ್ದದ ಗೆರೆ ಎಳೆಯಿರಿ. ಅದರ ಕೊನೆಯಲ್ಲಿ ಲಂಬವಾಗಿ 10 ಮಿ.ಮೀ. ಮೇಲೆ ಚುಕ್ಕಿ. ಎರಡನ್ನೂ ಸೇರಿಸಿ. ಅದೇ 1:8½, ಡಿಗ್ರಿಯಲ್ಲಿ ಸುಮಾರು 6.7. ಆ ಗೆರೆಗಳ ಉದ್ದಕ್ಕೆ ಎರಡು ಮರದ ಪಟ್ಟಿ ಅಂಟಿಸಿದರೆ ಜಿಗ್ ಆಯಿತು. ಹಳಿಯನ್ನು ಪಟ್ಟಿಗೆ ಒತ್ತಿ ಹಿಡಿದು, ಅರವನ್ನು ಒಂದೇ ದಿಕ್ಕಿಗೆ ತಳ್ಳಿ. ಹಿಂದಕ್ಕೆ ಎಳೆಯಬೇಡಿ, ಎಳೆದಾಗಲೇ ಹಳಿ ವಾಲೋದು. 'ವಿ' ಮೂಗಿನ ತುದಿ ಸೂಜಿ ಹಾಗೆ ಇರಬಾರದು, ಬೆಸುಗೆ ಆದ ಮೇಲೆ ಒಂದು ಗೀಟು ಉಜ್ಜಿ ಮೊಂಡು ಮಾಡಿ. ನಿಜವಾದ ಕ್ರಾಸಿಂಗಿನ ಮೂಗೂ ಮೊಂಡೇ.

ಜೋಡಿಸುವಾಗ ಮೊದಲು 'ವಿ' ಕೂರಿಸಿ. ಮಿಕ್ಕ ಹಳಿಗಳೆಲ್ಲ ಅದನ್ನು ನೋಡಿಕೊಂಡು ಬರಬೇಕು. ಚೆಕ್ ರೈಲಿನ (ಚಕ್ರ ದಾರಿ ತಪ್ಪದಂತೆ ಪಕ್ಕದಲ್ಲಿ ಹಾಕುವ ಹಳಿ) ಸಂದು ನಿಮ್ಮ ಚಕ್ರದ ಮೇಲೆ ನಿಂತಿದೆ, ಎನ್‌ಎಂಆರ್‌ಎ (ಅಮೆರಿಕದ ಮಾಡೆಲ್ ರೈಲು ಸಂಘ) ಅಳತೆಯ ಚಕ್ರವಾದರೆ ಸುಮಾರು 1.2 ಮಿ.ಮೀ. ಚೆಕ್ ರೈಲ್ ಇಲ್ಲದೆ, ಅಥವಾ ಸಂದು ಜಾಸ್ತಿಯಾಗಿ ಹಾಕಿದರೆ ಚಕ್ರ 'ವಿ' ಮೂಗಿಗೆ ಹೊಡೆದು ತಪ್ಪು ದಾರಿ ಹಿಡಿಯುತ್ತದೆ.

ಕರೆಂಟು ಮರೆಯಬೇಡಿ. 'ವಿ' ತುಂಡಿಗೆ ಎರಡೂ ಕಡೆ ಸಂದು ಬಿಟ್ಟು, ಅದಕ್ಕೆ ಮೈಕ್ರೋಸ್ವಿಚ್‌ನಿಂದ ಬೇರೆ ವೈರ್ ಕೊಡಿ. ಪಾಯಿಂಟ್ಸ್ ತಿರುಗಿದಾಗ ಪೊಲಾರಿಟಿ ಬದಲಾಗಬೇಕು. ನಿಮ್ಮ ರೈಲ್ ಬಸ್ಸಿಗೆ ಇರೋದೇ ನಾಲ್ಕು ಚಕ್ರ. ಕ್ರಾಸಿಂಗ್ ಸತ್ತಿದ್ದರೆ ಅದರ ಮೇಲೇ ನಿಂತುಬಿಡುತ್ತದೆ, ಕೈಯಲ್ಲಿ ತಳ್ಳಬೇಕು.

ಎನ್‌ಗೇಜ್ ನಾಗ, ಬೆಂಗಳೂರು

ತಾಳಗುಪ್ಪ ಲೈನಲ್ಲಿ ರೈಲ್ ಬಸ್ ತಳ್ಳೋದು ಅಷ್ಟೇನೂ ಅವಾಸ್ತವ ಅಲ್ಲ ಬಿಡಿ 😄

ಚಿಕ್ಕಿ 3ಡಿ, ಹುಬ್ಬಳ್ಳಿ

ಪಿಡಬ್ಲ್ಯುಐ ಸರ್ ಹೇಳಿದ ಸಿಎಸ್‌ಟಿ-9 ನಾನು ರೆಸಿನ್ ಪ್ರಿಂಟರ್‌ನಲ್ಲಿ ಮಾಡಿ ನೋಡಿದೆ. ಪ್ಲೇಟುಗಳು ಬಂದವು, ಆದರೆ ಟೈ ಬಾರ್ ಸ್ಕೇಲಿಗೆ ಸರಿಯಾಗಿ ಮಾಡಿದರೆ ಮುಟ್ಟಿದ ಕೂಡಲೇ ಪಟ್ ಅಂತ ಮುರಿಯುತ್ತೆ. ಈಗ ಪ್ಲೇಟ್ ಮಾತ್ರ ಪ್ರಿಂಟ್, ಟೈ ಬಾರಿಗೆ ತೆಳು ಪ್ಲಾಸ್ಟಿಕ್ ಪಟ್ಟಿ. ಸರ್, ಹಳಿ ಒಳಗಡೆಗೆ ವಾಲಿರುತ್ತೆ ಅಂತ ಕೇಳಿದ್ದೆ. ಎಷ್ಟು ವಾಲಿಸಲಿ?

ನಿವೃತ್ತ ಪಿಡಬ್ಲ್ಯುಐ, ಅರಸೀಕೆರೆ

ಒಳ್ಳೆಯ ಪ್ರಶ್ನೆ ಮಗಾ. 20ಕ್ಕೆ 1. ಸಿಎಸ್‌ಟಿ-9ರ ಪ್ಲೇಟಿನಲ್ಲೇ ಆ ವಾಲು ಎರಕ ಹೊಯ್ದಿರುತ್ತದೆ. ಮರದ ಸ್ಲೀಪರಿನ ಪಾಯಿಂಟ್ಸಿನಲ್ಲಿ ಮಾತ್ರ ಹಳಿ ನೆಟ್ಟಗೆ ನಿಂತಿರುತ್ತದೆ. ನಿಮ್ಮ ಅಳತೆಯಲ್ಲಿ ಅದು ಕಣ್ಣಿಗೆ ಕಾಣಲಿಕ್ಕಿಲ್ಲ, ಆದರೂ ಮಾಡುವುದಾದರೆ ಮಾಡು.

ಒಂದು ಮಾತು ಎಲ್ಲರಿಗೂ. ಅಳತೆ ಬೇಕು, ಫೋಟೋ ಬೇಕು ಅಂತ ಓಡುವ ಲೈನಿಗೆ ಇಳಿಯಬೇಡಿ. ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಇರುವುದೇ ಅದಕ್ಕೆ. ಅದಕ್ಕಿಂತ ಹೆಚ್ಚಾಗಿ, ಗಾಡಿ ಬರುವುದು ಹಿಂದಿನಿಂದ ಕೇಳಿಸುವುದಿಲ್ಲ. ನಾನು ಕಣ್ಣಾರೆ ನೋಡಿದ್ದನ್ನು ಇಲ್ಲಿ ಬರೆಯುವುದಿಲ್ಲ. ಹತ್ತಿರದಿಂದ ನೋಡಬೇಕು ಅಂದರೆ ಮೈಸೂರಿನ ರೈಲ್ ಮ್ಯೂಸಿಯಂ ಇದೆ. 1979ರಿಂದ ಅಲ್ಲೇ ಇದೆ, ಎಲ್ಲಿಗೂ ಓಡಿಹೋಗಲ್ಲ.

ಕಡಲತಡಿ, ಮಂಗಳೂರು

ಜಲ್ಲಿ ವಿಷಯ ಯಾರೂ ಹೇಳಲಿಲ್ಲ ಮಾರಾಯ್ರೆ. ನನ್ನ ಅನುಭವ ಕೇಳಿ. ಮನೆ ಹತ್ತಿರ ಸಮುದ್ರ, ಮರಳು ಪುಕ್ಕಟೆ. ತೊಳೆದು ಒಣಗಿಸಿ ಹಳಿ ಮಧ್ಯೆ ಸುರಿದೆ, ಫೆವಿಕಾಲ್ ನೀರು ಬಿಟ್ಟೆ. ಮೂರು ದಿನ ಚಂದ ಓಡಿತು. ನಾಲ್ಕನೇ ದಿನ ಇಂಜಿನ್ ಕೊರಕೊರ ಅಂದು ನಿಂತಿತು. ಬಿಚ್ಚಿದರೆ ಮೋಟಾರಿನ ಸುತ್ತ ಕಪ್ಪು ಪುಡಿ, ಗಡ್ಡ ಬಂದ ಹಾಗೆ. ನಮ್ಮ ಕರಾವಳಿಯ ಮರಳಿನಲ್ಲಿ ಕಬ್ಬಿಣದ ಅಂಶದ ಕಪ್ಪು ಮರಳು ಬೆರೆತಿರುತ್ತದೆ, ಮೋಟಾರಿನ ಅಯಸ್ಕಾಂತ ಎಳೆದುಕೊಂಡಿದೆ. ಅಂದಿನಿಂದ ಯಾವ ಪುಡಿ ತಂದರೂ ಕಾಗದದ ಮೇಲೆ ಹರಡಿ, ಹಳೇ ಸ್ಪೀಕರಿನ ಅಯಸ್ಕಾಂತವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಮೇಲೆ ಆಡಿಸುತ್ತೇನೆ.

ಅಲ್ಲದೆ ಸಮುದ್ರದ ಮರಳು ಉರುಟು. ಹಳಿಯ ಜಲ್ಲಿ ಮೂಲೆ ಮೂಲೆಯಾಗಿ ಒಡೆದಿರಬೇಕು. ಈಗ ಕ್ರಷರ್ ಪುಡಿ ತರುತ್ತೇನೆ. ರೈಲ್ವೆ ಜಲ್ಲಿ 65 ಮಿ.ಮೀ.ನಿಂದ 20ರ ತನಕ, ಎಚ್‌ಒನಲ್ಲಿ ಮುಕ್ಕಾಲು ಮಿ.ಮೀ.ನಿಂದ ಕಾಲು ಮಿ.ಮೀ. ಚಹಾ ಸೋಸುವ ಜರಡಿಯಲ್ಲಿ ಇಳಿದದ್ದನ್ನು ಮತ್ತೆ ನೈಲಾನ್ ಬಟ್ಟೆಯಲ್ಲಿ ಜಾಲಿಸಿ, ಬಟ್ಟೆ ಮೇಲೆ ಉಳಿದದ್ದೇ ನಮ್ಮ ಜಲ್ಲಿ. ಅಂಗಡಿಯಲ್ಲಿ ಎಚ್‌ಒ ಜಲ್ಲಿ ಅಂತ ಮಾರುವುದರಲ್ಲಿ ಎಷ್ಟೋ ಪ್ಯಾಕೆಟ್ ದಪ್ಪ ಜಾಸ್ತಿ. ತೆಂಗಿನಕಾಯಿ ಗಾತ್ರದ ಕಲ್ಲು ಹಾಕಿದ ಹಾಗೆ ಕಾಣುತ್ತದೆ.

ಫೆವಿಕಾಲಿಗೆ ಅಷ್ಟೇ ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ. ಆ ಹನಿ ಬಿಟ್ಟರೆ ನೀರು ಜಲ್ಲಿ ಮೇಲೆ ಮುತ್ತಿನ ಹಾಗೆ ಉರುಳುತ್ತದೆ, ಒಳಗೆ ಇಳಿಯುವುದಿಲ್ಲ.

ಹೊಸಬ, ತುಮಕೂರು

ಸಾಮಾನು ಎಲ್ಲಿ ತಗೊಳ್ಳೋದು ಅಂತ ಯಾರಾದ್ರೂ ಹೇಳಿ ಪ್ಲೀಸ್.

ಎನ್‌ಗೇಜ್ ನಾಗ, ಬೆಂಗಳೂರು

ಬೋರ್ಡು, ಸೀಸ, ಫ್ಲಕ್ಸು, 25 ವ್ಯಾಟಿನ ಸೋಲ್ಡರಿಂಗ್ ಐರನ್ ಎಲ್ಲಾ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ. ರಾಳದ ಫ್ಲಕ್ಸ್ ಕೇಳಿ, ಆಸಿಡ್ ಫ್ಲಕ್ಸ್ ಬೇಡ, ಆರು ತಿಂಗಳಿಗೆ ಹಸಿರು ಕಿಲುಬು ಬರುತ್ತೆ. ಕೋಡ್ 55 ಹಳಿ ಮಾತ್ರ ಹೊರದೇಶದಿಂದ ತರಿಸಬೇಕು. ಮೂರ್ನಾಲ್ಕು ಜನ ಸೇರಿ ತರಿಸಿದರೆ ಕೊರಿಯರ್ ಖರ್ಚು ಹಂಚಿಹೋಗುತ್ತೆ. (ಹೌದು, ನಾನೂ ಒಂದು ಪ್ಯಾಕೆಟ್ ತಗೋತೀನಿ. ಯಾರೂ ನಗಬೇಡಿ.)

ಕೊನೆಸ್ಟೇಷನ್, ಸಾಗರ

ಎರಡು ತಿಂಗಳು ಸುದ್ದಿ ಇರಲಿಲ್ಲ, ಕ್ಷಮಿಸಿ. ಏಪ್ರಿಲಿನಲ್ಲಿ ಅಟ್ಟ ಹತ್ತಿ ನೋಡಿದರೆ ಲೂಪ್ ಲೈನ್ ಹಾವಿನ ಹಾಗೆ ಹೊರಳಿತ್ತು. ನಾಲ್ಕು ಬೆಸುಗೆ ಕಿತ್ತುಬಂದಿತ್ತು. ಮಳೆಗಾಲದಲ್ಲಿ ಉಬ್ಬಿದ್ದ ಹಲಗೆ ಬೇಸಿಗೆಗೆ ಒಣಗಿ ಕುಗ್ಗಿದೆ, ಮೇಲೆ ಹಂಚಿನ ಕಾವಿಗೆ ಹಳಿ ಹಿಗ್ಗಿದೆ. ನಾನೋ, ಗೀರು ಹಾಕಿ ಜಾಯಿಂಟ್ ತೋರಿಸಿದ್ದೆನೇ ಹೊರತು ಎಲ್ಲೂ ನಿಜವಾಗಿ ಕತ್ತರಿಸಿರಲಿಲ್ಲ. ಈಗ ನಾಲ್ಕು ಪ್ಯಾನೆಲಿಗೆ ಒಂದು ಕಡೆ ಪೂರ್ತಿ ಕತ್ತರಿಸಿ, ಕಾಗದದಷ್ಟು ಸಂದು ಬಿಟ್ಟು, ಪ್ರತಿ ತುಂಡಿಗೂ ಬೇರೆ ವೈರ್ ಕೊಟ್ಟಿದ್ದೇನೆ. ಹಲಗೆಗೆ ಆರೂ ಮೈಗೆ ವಾರ್ನಿಷ್ ಬಳಿದೆ, ಅಡಿಗೂ ಸೇರಿಸಿ.

ನಿವೃತ್ತ ಪಿಡಬ್ಲ್ಯುಐ, ಅರಸೀಕೆರೆ

ಬಕ್ಲಿಂಗ್ ಆಯಿತೆನ್ನಿ. ಹಳಿ ಕಟ್ಟಿದ್ದೀರಿ ಅನ್ನುವುದಕ್ಕೆ ಇದಕ್ಕಿಂತ ಸರ್ಟಿಫಿಕೇಟ್ ಬೇಡ. ಗಾಡಿ ಓಡಿಸಿದ್ದೀರಾ?

ಕೊನೆಸ್ಟೇಷನ್, ಸಾಗರ

ಸರ್, ನಿನ್ನೆ ರಾತ್ರಿ ಓಡಿತು. ಟಿಟಿ ಅನ್ನುವ ಇನ್ನೊಂದು ಸ್ಕೇಲಿನ 12 ಮಿ.ಮೀ. ಚಾಸಿಸ್ ಮೇಲೆ ರೈಲ್ ಬಸ್ ಬಾಡಿ ಕೂರಿಸಿದ್ದೇನೆ. ಕ್ರಾಸಿಂಗ್ ಮೇಲೆ ನಿಲ್ಲದೆ ದಾಟಿತು ಭಟ್ರೇ, ಆರನೇ 'ವಿ' ಕೈಹಿಡಿಯಿತು. ವಿಡಿಯೋ ಹಾಕಿದ್ದೇನೆ, ದಯವಿಟ್ಟು ಸೌಂಡ್ ಜಾಸ್ತಿ ಮಾಡಿ ಕೇಳಿ. ಪ್ರತಿ 138 ಮಿ.ಮೀ.ಗೆ ಟಕ್-ಟಕ್ ಅನ್ನುತ್ತೆ. ಹಿಂದೆ ಕೇಳಿಸುತ್ತಿರುವ ಇನ್ನೊಂದು ದನಿ ನಮ್ಮಮ್ಮನದು. ಚಹಾ ಜರಡಿ ಎಲ್ಲಿ ಅಂತ.

ಚಿಕ್ಕಿ 3ಡಿ, ಹುಬ್ಬಳ್ಳಿ

ಅಯ್ಯೋ ಎಷ್ಟು ಚೆನ್ನಾಗಿದೆ! ಆ ಟಕ್-ಟಕ್ಕಿಗೋಸ್ಕರ ಐದು ಸಲ ನೋಡಿದೆ. 200 ಸಿಎಸ್‌ಟಿ ಪ್ಲೇಟ್ ಪ್ರಿಂಟ್ ಮಾಡಿ ಕಳಿಸ್ತೀನಿ, ವಿಳಾಸ ಮೆಸೇಜ್ ಮಾಡಿ.

ನಿವೃತ್ತ ಪಿಡಬ್ಲ್ಯುಐ, ಅರಸೀಕೆರೆ

ಇಯರ್‌ಫೋನ್ ಹಾಕಿಕೊಂಡು ಕೇಳಿದೆ. ಪ್ಲಾಟ್‌ಫಾರ್ಮಿನ ಕಡೆಯಿಂದ ಮೂರನೇ ಜಾಯಿಂಟ್ ಲೋ ಇದೆ, ಅಲ್ಲಿ ಶಬ್ದ ಬೇರೆ ಬರುತ್ತಿದೆ. ಪ್ಯಾಕ್ ಮಾಡಿ.

ಕೊನೆಸ್ಟೇಷನ್, ಸಾಗರ

ಕರೆಯೋಲೆ ಇನ್ನೊಂದು ತುಂಡು ಹಾಕುತ್ತೇನೆ ಸರ್.